ಕಪಾಟಿನ ಮೇಲಿನ ಐಫೆಲ್ ಟವರ್

ಕುವೈತಿನಲ್ಲಿರುವ ಮಂಗಳೂರಿನ ನಮ್ಮವರಿಗೆ ಬೈಬಲಿನ ದಶಾಜ್ಞೆಗಳ ಜೊತೆ ಇನ್ನೊಂದು ಆಜ್ಞೆಯಿದೆ: ಟಿ.ವಿ. ಕೊಂಡರೆ ಅದರ ರಟ್ಟಿನ ಪೆಟ್ಟಿಗೆ ಬಿಸಾಡಬಾರದು. ಖಾಯಂ ಆಗಿ ಊರಿಗೆ ಹೋಗುವಾಗ ಬೇಕಲ್ಲ! ನನ್ನ ಗಂಡ ಮಥಾಯಸ್ ಇದನ್ನು ಮುರಿದವರಲ್ಲ. ಸಲ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಆ ದಪ್ಪ ಟಿ.ವಿ. ಕೆಟ್ಟು ಗುಜರಿ ಸೇರಿದರೂ ಪೆಟ್ಟಿಗೆ ಮಾತ್ರ ಕಪಾಟಿನ ಮೇಲೆ ಉಳಿದಿತ್ತು. ಅದರ ಧೂಳು ಒರೆಸುವವಳು ನಾನು.

ಮೊನ್ನೆ ಮಗಳು ಲೊರೈನ್ ಆ ಪೆಟ್ಟಿಗೆಯನ್ನೇ ಕತ್ತರಿಸಿ ಶಾಲೆಯ ಪ್ರದರ್ಶನಕ್ಕೆ ಐಫೆಲ್ ಟವರ್ ಮಾಡಿದಳು. ಆಫೀಸಿನಿಂದ ಬಂದ ಮಥಾಯಸ್ ಬೊಬ್ಬೆ ಹಾಕಿದರು: "ಎಂತ ಮಾಡಿದ್ದು ನೀನು? ಊರಿಗೆ ಹೋಗುವಾಗ ಟಿ.ವಿ. ಎಂತದರಲ್ಲಿ ಹಾಕುವುದು?"

"ಯಾವ ಟಿ.ವಿ.?" ಎಂದೆ ನಾನು.

ಲೊರೈನ್ ಹೆದರದೆ ಪಾಠ ಒಪ್ಪಿಸಿದಳು. "ಡ್ಯಾಡಿ, ಲಿಸನ್. ೧೮೮೯ರಲ್ಲಿ ಪ್ಯಾರಿಸ್‌ನಲ್ಲಿ ವರ್ಲ್ಡ್ ಫೇರ್ ಆಯ್ತು. ಅದಕ್ಕೆ ಅಂತ ಕಟ್ಟಿದ್ದು. ಟ್ವೆಂಟಿ ಇಯರ್ಸ್ ಆದ್ಮೇಲೆ ಬಿಚ್ಚಬೇಕಿತ್ತು. ಬಟ್ ಅಷ್ಟರಲ್ಲಿ ರೇಡಿಯೊ ಆಂಟೆನಾಕ್ಕೆ ಯೂಸ್ ಆಯ್ತು, ಯಾರೂ ಬಿಚ್ಚಲಿಲ್ಲ. ಇಟ್ಸ್ ಸ್ಟಿಲ್ ದೇರ್."

ಮಥಾಯಸ್ ಸೋಫಾದಲ್ಲಿ ಕುಳಿತುಬಿಟ್ಟರು. ಎರಡೇ ವರ್ಷಕ್ಕೆಂದು ಕುವೈತಿಗೆ ಬಂದ ಮನುಷ್ಯ; ತಲೆ ನರೆತದ್ದು ಇಲ್ಲೇ.

ಪ್ರದರ್ಶನ ಮುಗಿದು ಟವರ್ ಮನೆಗೆ ವಾಪಸು ಬಂತು.

"ಇನ್ನು ಬಿಸಾಡುವುದಾ?" ಎಂದು ಕೇಳಿದೆ.

ಅವರು ಕುರ್ಚಿ ಹತ್ತಿ, ಕಪಾಟಿನ ಮೇಲೆ ಪೆಟ್ಟಿಗೆಯಿದ್ದ ಜಾಗದಲ್ಲೇ ಅದನ್ನು ನಿಲ್ಲಿಸಿದರು.

"ಇರಲಿ ಮಾರಾಯ್ತಿ, ಎರಡೇ ವರ್ಷ."