ಪರದೆಯಂಚಿನ ಹನ್ನೆರಡು ನಾಣ್ಯ

ದರ್ಜಿ ಹೇಳಿದ ಸುಳ್ಳನ್ನು ಅವನ ಹೆಂಡತಿ ನಂಬಿದ್ದಷ್ಟೇ ಅಲ್ಲ, ಜೋಡಿ ದಾರದಲ್ಲಿ ಹೊಲಿದೇ ಬಿಟ್ಟಳು!

ಅವನಿಗೆ ಹಳೆಯ ರಷ್ಯದ ನಾಣ್ಯಗಳ ಹುಚ್ಚು. ಐದು ಕೊಪೆಕ್ಕಿನ ತಾಮ್ರದ ದಪ್ಪ ಬಿಲ್ಲೆಗಳು, ಒಂದು ಮಗ್ಗುಲಲ್ಲಿ ಎರಡು ತಲೆಯ ಹದ್ದು. ಮೊದಲ ಪೊಟ್ಟಣ ಅಂಚೆಯಲ್ಲಿ ಬಂದ ದಿನ ಹೆಂಡತಿ "ಏನ್ರೀ ಅದು?" ಅಂದಾಗ ಹೆದರಿ, "ಪರದೆ ಅಂಚಿಗೆ ಹಾಕೋ ಭಾರ ಕಣೇ, ಬಟ್ಟೆ ಹಾರಬಾರದಲ್ಲ" ಅಂದುಬಿಟ್ಟಿದ್ದ. ಒಂಬತ್ತು ವರ್ಷ, ಹನ್ನೆರಡು ಪೊಟ್ಟಣ, ಒಂದೊಂದರಲ್ಲಿ ಒಂದೊಂದು ಬಿಲ್ಲೆ, ಅದೇ ಉತ್ತರ. ಮನೆಗಳ ಕಿಟಕಿ ಪರದೆಗೆ ಅಷ್ಟು ಭಾರ ಯಾರಿಗೆ ಬೇಕು? ಬಿಲ್ಲೆಗಳು ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಹಾಯಾಗಿದ್ದವು.

ಆವತ್ತು ಸಂಜೆ ಡ್ರಾಯರ್ ಎಳೆದರೆ ಖಾಲಿ! ಸೀಮೆಸುಣ್ಣದ ಚೂರೊಂದು ಉರುಳಿತು. ಮೇಜಿನ ಮೇಲೆ ಹೆಂಡತಿಯ ಚೀಟಿ: "ಊರಿಗೆ ಬಂದಿರೋ ನಾಟಕದವರ ಪರದೆ ಗಾಳಿಗೆ ಹಾರ್ತಿತ್ತು. ನಿಮ್ಮ ಭಾರ ಹನ್ನೆರಡೂ ಹಾಕಿ ಹೊಲಿದೆ. ನಾನು ಮುಂದಿನ ಸಾಲಲ್ಲಿರ್ತೀನಿ, ಬನ್ನಿ."

ನಾಟಕ ಮುಗಿದ ಕೂಡಲೇ ತಂಡ ಪರದೆ ಸಮೇತ ಲಾರಿ ಹತ್ತಿ ಆರು ತಿಂಗಳು ಊರೂರು ಸುತ್ತಲಿದೆ. ಎದ್ದೆನೋ ಬಿದ್ದೆನೋ ಎಂದು ಓಡಿದ. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅವಳದು.

ರಂಗದ ಹಿಂಬಾಗಿಲಿನಿಂದ ನುಸುಳಿ, ಮುಚ್ಚಿದ ಪರದೆಯ ಹಿಂದೆ ಮಂಡಿಯೂರಿ ಅಂಚು ತಡಕಿದ. ಸಿಕ್ಕಿತು! ಜೇಬಿನ ಕತ್ತರಿ ತೆಗೆದು ಇಟ್ಟರೆ ದಾರ ಜಪ್ಪಯ್ಯ ಅನ್ನಲಿಲ್ಲ. ಅಷ್ಟು ಗಟ್ಟಿಯಾಗಿ ಹೊಲಿಯಲು ಅವಳಿಗೆ ಕಲಿಸಿದವನೂ ಇವನೇ. ಅಷ್ಟರಲ್ಲಿ ಗಂಟೆ ಹೊಡೆಯಿತು, ಪರದೆ ಮೇಲೇರತೊಡಗಿತು. ಇವನು ಬಿಟ್ಟನೇ? ಬಿಡಲಿಲ್ಲ! ಅಂಚು ಹಿಡಿದು ತಾನೂ ಏರಿದ. ಹಗ್ಗ ಎಳೆಯುವವನು ಗಾಬರಿಯಾಗಿ ನಡುವೆಯೇ ನಿಲ್ಲಿಸಿದ. ಇದೂ ನಾಟಕವೇ ಅಂದುಕೊಂಡು ಜನ ಚಪ್ಪಾಳೆ ತಟ್ಟಿದರು.

ಹೆಂಡತಿ ಎದ್ದು ನಿಂತಳು. "ಅಯ್ಯೋ, ಇಳೀರಿ! ನನ್ನ ಹೊಲಿಗೆ ಕಿತ್ತುಹೋಗುತ್ತೆ!"

ಭಾರ ಅಂದರೆ ನಾಣ್ಯ ಹೋಯಿತು, ನಾಣ್ಯ ಅಂದರೆ ಮಾನ ಹೋಯಿತು. ನೇತಾಡುತ್ತಲೇ ಕೂಗಿದ: "ಇದು ಭಾರ ಅಲ್ಲ ಕಣೇ, ರಷ್ಯದ ನಾಣ್ಯ! ಒಂಬತ್ತು ವರ್ಷ ಸುಳ್ಳು ಹೇಳಿದೀನಿ, ತಪ್ಪಾಯ್ತು!"

ಜನ ಬಿದ್ದು ಬಿದ್ದು ನಕ್ಕರು. ಅವಳೊಬ್ಬಳು ನಗಲಿಲ್ಲ. ಅವನನ್ನು ಕೆಳಗಿಳಿಸಿ ಪಕ್ಕದಲ್ಲಿ ಕೂರಿಸಿಕೊಂಡಳು. ಪ್ರತಿ ಸಲ ಪರದೆ ಬಿದ್ದು ಹನ್ನೆರಡು ನಾಣ್ಯ ನೆಲಕ್ಕೆ ಬಡಿದಾಗಲೂ ಅವನ ಜೀವ ಬಾಯಿಗೆ ಬರುತ್ತಿತ್ತು.

ನಾಟಕ ಮುಗಿದ ಮೇಲೆ ಇಬ್ಬರೂ ರಂಗದ ಮೇಲೆ ಚಕ್ಕಳಮಕ್ಕಳ ಕೂತು ಹೊಲಿಗೆ ಬಿಚ್ಚಿದರು. ಬದಲಿಗೆ ಲಾರಿ ಡ್ರೈವರ್ ಕೊಟ್ಟ ಹಳೆಯ ನಟ್ಟುಗಳನ್ನು ತುಂಬಿದರು. ಅವಳು ಒಂದು ನಾಣ್ಯವನ್ನು ಬೆಳಕಿಗೆ ಹಿಡಿದಳು.

"ಎರಡು ತಲೆ ಯಾಕ್ರೀ ಇದಕ್ಕೆ?"

"ಅದು ಅವರ ರಾಜಮುದ್ರೆ…"

"ಸುಮ್ನಿರಿ. ಒಂದು ತಲೆ ಅಂಚೆಯವನ ದಾರಿ ನೋಡ್ತಿದೆ, ಇನ್ನೊಂದು ಹೆಂಡತಿ ಬಂದ್ಲಾ ಅಂತ ನೋಡ್ತಿದೆ. ಥೇಟ್ ನಿಮ್ಮ ಹಾಗೇ!"

ಆಗ ನಕ್ಕಳು ನೋಡಿ, ಹೊಟ್ಟೆ ಹಿಡಿದುಕೊಂಡು! ಅವನೂ ನಕ್ಕ. ನಗು ನಿಂತ ಮೇಲೆ ಅವಳು ನಾಣ್ಯವನ್ನು ಸೆರಗಿನಲ್ಲಿ ಒರೆಸುತ್ತಾ, "ಇಷ್ಟು ಚೆಂದದ್ದನ್ನ ಒಬ್ಬರೇ ನೋಡ್ಕೊಂಡು ಕೂತಿದ್ರಲ್ಲ, ಬೇಜಾರಾಗ್ಲಿಲ್ವಾ?" ಅಂದಳು.

"ಆಗ್ತಿತ್ತು ಕಣೇ," ಅಂದ.

"ಸರಿ, ಹದಿಮೂರನೇದು ಯಾವಾಗ ತರಿಸೋಣ?"