ನಗುವ ಮದುಮಗಳಿಗೆ ಎರಡು ಪುಟ

ದೇವರಾಜ್ ಅವರ ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ತಯಾರಾಗುವುದು ಮದುವೆಯೂಟದ ಪಂಕ್ತಿಯ ಹಾಗೆ. ಮೊದಲು ಬೀಗರನ್ನು ಕೂರಿಸಬೇಕು, ಆಮೇಲೆ ಸೋದರಮಾವಂದಿರನ್ನು, ಆಮೇಲೆ ದೊಡ್ಡಪ್ಪ ಚಿಕ್ಕಪ್ಪಂದಿರನ್ನು. ಗಂಡು ಹೆಣ್ಣು ಕೊನೆಗೆ. “ಅವರಿಬ್ರು ಎಲ್ಲಿಗೆ ಓಡಿಹೋಗ್ತಾರೆ ಮಾರಾಯ್ತಿ? ಎಲ್ಲಿ ಜಾಗ ಉಳಿಯುತ್ತೋ ಅಲ್ಲಿ ಹಾಕು,” ಎಂದು ಅವರು ಸುಪ್ರಿಯಾಳಿಗೆ ಕೆಲಸಕ್ಕೆ ಸೇರಿದ ದಿನವೇ ಪಾಠ ಹೇಳಿದ್ದರು. ಅಲ್ಲಿಯವರೆಗೆ ಪ್ರತಿ ಪುಟದಲ್ಲೂ ಹಳೆಯ ಯಾವುದೋ ಮದುವೆಯ ಜೋಡಿಯೊಂದು ಡಮ್ಮಿಯಾಗಿ ಜಾಗ ಹಿಡಿದಿರುತ್ತಿತ್ತು, ಬಸ್ಸಿನ ಸೀಟಿನ ಮೇಲೆ ಎಸೆದ ಟವೆಲ್ಲಿನ ಹಾಗೆ.

ಸವಳಂಗ ರಸ್ತೆಯ ಆ ಸ್ಟುಡಿಯೋದಲ್ಲಿ ಸುಪ್ರಿಯಾ ಕಂಪ್ಯೂಟರ್ ಮುಂದೆ ಕೂತು ಆಲ್ಬಮ್ ಡಿಸೈನ್ ಮಾಡುವವಳು. ಅವಳ ಆಸೆಯೆಲ್ಲ ಕ್ಯಾಮೆರಾ. ಗೋಪಾಳದ ಪರಶುರಾಮನಿಗೂ ಭದ್ರಾವತಿಯ ಸಂಧ್ಯಾಳಿಗೂ ಮದುವೆಯಾದ ದಿನ ಅದು ಅರೆಗಳಿಗೆ ಅವಳ ಕೈಗೆ ಬಂದಿತ್ತು. ಅಂತರಪಟ ಇಳಿಯುವ ಹೊತ್ತಿಗೆ ಸರಿಯಾಗಿ ವರನ ಚಿಕ್ಕಪ್ಪ ಚೌಡಪ್ಪ ಮೊಬೈಲು ಎತ್ತಿಕೊಂಡು ದೇವರಾಜ್‌ಗೆ ಅಡ್ಡ ನಿಂತ. ದೇವರಾಜ್ ಅವನ ಜೊತೆ ಜಗಳಕ್ಕೆ ಇಳಿದರು. ಪಕ್ಕದಲ್ಲಿ ಎರಡನೆಯ ಕ್ಯಾಮೆರಾ ಕಾಯುತ್ತಿದ್ದ ಸುಪ್ರಿಯಾ ಸುಮ್ಮನಿರಲಾರದೆ ಒತ್ತಿಬಿಟ್ಟಳು. ವರನ ತಲೆಗೆ ಹೋಗಬೇಕಾದ ಜೀರಿಗೆ-ಬೆಲ್ಲ ಅವನ ಮೂಗಿಗೆ ಅಂಟಿತ್ತು; ಸಂಧ್ಯಾ ಕತ್ತೆತ್ತಿ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು.

ಆ ಫೋಟೊವನ್ನು ದೇವರಾಜ್ ಪರದೆಯ ಮೇಲೆ ದೊಡ್ಡದು ಮಾಡಿ, ಚಿಕ್ಕದು ಮಾಡಿ ನೋಡಿದರು. ಆಮೇಲೆ, “ಎರಡೂ ಕಡೆಯವರು ಇದನ್ನ ಆಲ್ಬಮ್ಮಿಗೆ ಒಪ್ಪಿದ್ರೆ ಮುಂದಿನ ಮದುವೆಗೆ ಕ್ಯಾಮೆರಾ ನಿಂದು,” ಎಂದರು.

ಅಜ್ಜಿ ಕಥೆಯ ರಾಜರೂ ಹೀಗೆಯೇ. ಅರ್ಧ ರಾಜ್ಯ ಕೊಡುತ್ತೇನೆಂದು ಆಡಿಬಿಡುತ್ತಾರೆ. ಅದಕ್ಕೆ ಮೊದಲು ಹುಲಿಯ ಹಾಲು ಕರೆದು ತರಬೇಕು. ಇಲ್ಲಿ ಹುಲಿಗಳು ಎರಡಿದ್ದವು.

ಗೋಪಾಳದ ಹುಲಿ ವರನ ತಾಯಿ ದಾಕ್ಷಾಯಣಮ್ಮ. ಫೋಟೊ ಮೊಬೈಲಿಗೆ ತಲುಪಿದ ಕೂಡಲೇ ಫೋನು ಮಾಡಿದರು. “ಏನಮ್ಮ ಇದು, ಮದುಮಗಳು ಹೀಗಾ ಹಲ್ಲು ಕಿರಿಯೋದು? ತೆಗಿ ಅದನ್ನ. ನೋಡಿದೋರು ನಾವೇನು ಮದುವೆ ಮಾಡಿದ್ವೋ ನಾಟಕ ಆಡಿದ್ವೋ ಅಂತಾರೆ.”

ಭದ್ರಾವತಿಯಿಂದ ಹುಡುಗಿಯ ತಾಯಿ ಪದ್ಮಮ್ಮ: “ಬೇಡ ಕಣಮ್ಮ. ತೌರು ಬಿಟ್ಟು ಹೋಗೋಕೆ ಇವಳಿಗೆ ಇಷ್ಟು ಖುಷಿನಾ ಅಂದ್ಕೋತಾರೆ. ಅಳ್ತಿರೋದು ಒಂದೂ ಇಲ್ವಾ?”

“ಇದೆ ಅಮ್ಮ. ಹೋಮದ ಹೊಗೆಗೆ ಕಣ್ಣುರಿದಾಗ ತೆಗೆದದ್ದು.”

“ಅದೇ ಹಾಕು. ದೊಡ್ಡದಾಗಿ ಹಾಕು.”

ಮದುವೆಯಾದ ಮೇಲೆ ಬೀಗರು ಒಂದು ಮಾತಿಗೆ ಒಮ್ಮತಕ್ಕೆ ಬಂದದ್ದು ಅದೇ ಮೊದಲು. ಮಿಕ್ಕದ್ದೆಲ್ಲ ಯುದ್ಧ. ನಮ್ಮ ಅತ್ತಿಗೆ ಅಂಗೈಯಷ್ಟು, ಅವರ ಷಡ್ಡಕ ಮಾತ್ರ ಪುಟ ತುಂಬ ಯಾಕೆ? ಚೌಡಪ್ಪ ಹೊಟ್ಟೆ ಕರಗಿಸಲು ಹೇಳಿದ. ಕರಗಿಸಿದ ಮೇಲೆ ಪ್ಯಾಂಟು ಜಾರಿದ ಹಾಗೆ ಕಾಣುತ್ತದೆಂದು ಅರ್ಧ ಹೊಟ್ಟೆ ವಾಪಸು ಕೇಳಿದ. ಮುಖ ಬೆಳ್ಳಗೆ ಮಾಡಿ ಎಂದು ಎಲ್ಲರೂ ಎಲ್ಲರ ಪರವಾಗಿಯೂ ಹೇಳಿದ್ದರಿಂದ, ನೆಂಟರು ಕಲ್ಯಾಣಮಂಟಪದ ಗೋಡೆಗಿಂತ ಬೆಳ್ಳಗಾದರು. ಸುಪ್ರಿಯಾ ತಿದ್ದಿದಳು, ಕಳಿಸಿದಳು, ಮತ್ತೆ ತಿದ್ದಿದಳು. ತನ್ನ ಫೋಟೊ ಒಂದು ಮೂಲೆಯಲ್ಲಾದರೂ ಉಳಿಯಲಿ ಎಂದು ಎರಡು ಸಲ ಸೇರಿಸಿ ನೋಡಿದಳು. ಎರಡು ಸಲವೂ ಹುಲಿಗಳು ಗುರುಗುಟ್ಟಿದವು.

ಕೊನೆಗೊಂದು ಮಧ್ಯಾಹ್ನ ಎರಡೂ ಮನೆಗಳಿಂದ ಒಂದರ ಹಿಂದೊಂದು ವಾಟ್ಸಾಪ್ ಬಂತು. ‘ಸೂಪರ್. ಪ್ರಿಂಟ್ ಮಾಡಿ.’ ‘ತುಂಬಾ ಚೆನ್ನಾಗಿದೆ ಕಣಮ್ಮ, ಓಕೆ.’ ಅದರ ಬೆನ್ನಿಗೇ ಸಂಧ್ಯಾಳ ಫೋನು.

“ಸುಪ್ರಿಯಾ ಅವ್ರೇ, ಒಂದು ಮಾತು ಕೇಳ್ಲಾ? ನನ್ನ ಮದುವೆಗೆ ನಾನು ಬಂದಿದ್ನಲ್ವಾ?”

“ಯಾಕ್ರೀ ಹಾಗಂತೀರಿ?”

“ಆಲ್ಬಮ್ಮಲ್ಲಿ ತಾಳಿ ಕಟ್ಟಿಸ್ಕೊತಿರೋಳು ಬೇರೆ ಯಾರೋ. ಕಟ್ತಿರೋರೂ ನಮ್ಮನೆಯವರಲ್ಲ. ನಮ್ಮನೆಯವ್ರಿಗಿಂತ ಚೆನ್ನಾಗಿದ್ದಾರೆ, ಅದು ಬೇರೆ ಮಾತು.”

ಸುಪ್ರಿಯಾ ಪುಟಗಳನ್ನು ತೆರೆದಳು. ನೆಂಟರನ್ನು ಕೂರಿಸುವ ಗಲಾಟೆಯಲ್ಲಿ ಗಂಡುಹೆಣ್ಣನ್ನು ಕೂರಿಸುವುದೇ ಮರೆತುಹೋಗಿತ್ತು. ಧಾರೆಯಿಂದ ಆರತಕ್ಷತೆಯವರೆಗೆ ಡಮ್ಮಿ ಜೋಡಿಯೇ. ಅಂಥದೇ ಕೆಂಪು ರೇಷ್ಮೆ ಸೀರೆ, ಅಂಥದೇ ಬಾಸಿಂಗ, ಮುಖಕ್ಕೆ ಅದೇ ಮೈದಾಹಿಟ್ಟಿನ ಬಿಳುಪು. ಎರಡು ಮನೆಯ ಹಿರಿಯರು ಪುಟಪುಟದಲ್ಲೂ ತಮ್ಮ ತಮ್ಮ ಮುಖ ಹುಡುಕಿಕೊಂಡು, ಯಾರದೋ ಮದುವೆಗೆ ತುಂಬು ಮನಸ್ಸಿನಿಂದ ಒಪ್ಪಿಗೆ ಕೊಟ್ಟಿದ್ದರು.

“ತಪ್ಪಾಯ್ತು ರೀ. ಸರಿಮಾಡಿ ಮತ್ತೆ ಎಲ್ಲರಿಗೂ ಕಳಿಸ್ತೀನಿ.”

“ಅಯ್ಯೋ ಬೇಡ ಮಾರಾಯ್ತಿ! ಮತ್ತೆ ಷಡ್ಡಕನಿಂದ ಶುರುವಾಗುತ್ತೆ. ಹೇಗೂ ಓಕೆ ಅಂದಿದ್ದಾರಲ್ಲ? ಆ ಜಾಗಕ್ಕೆಲ್ಲ ನಾನು ಹೇಳೋ ಫೋಟೊ ಹಾಕು. ನಾನು ನಗ್ತಿರೋದು ಇದೆಯಲ್ಲ, ಅದು ಎರಡು ಪುಟದಗಲ.”

ಸುಪ್ರಿಯಾ ದೇವರಾಜ್‌ಗೆ ಎಲ್ಲವನ್ನೂ ಹೇಳಿದಳು. ಅವರು ಎರಡೂ ವಾಟ್ಸಾಪನ್ನು ತಾವೇ ಓದಿ ನೋಡಿದರು. “ಓಕೆ ಅಂದ್ಮೇಲೆ ಓಕೆ. ಹಾಕು. ಆದ್ರೆ ಅಲ್ಲಿ ಗಲಾಟೆ ಆದ್ರೆ ಈ ಜನ್ಮದಲ್ಲಿ ನನ್ನ ಹತ್ರ ಕ್ಯಾಮೆರಾ ಕೇಳ್ಬೇಡ.”

ಆಲ್ಬಮ್ ಗೋಪಾಳದ ಮನೆಯ ಟೀಪಾಯಿ ಮೇಲೆ ಬಿಚ್ಚಿಕೊಂಡ ದಿನ ಪದ್ಮಮ್ಮನೂ ಭದ್ರಾವತಿಯಿಂದ ಬಂದಿದ್ದರು. ಆಲ್ಬಮ್ ಕೊಡಲು ಬಂದ ದೇವರಾಜ್ ಮತ್ತು ಸುಪ್ರಿಯಾ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಪುಟ ತಿರುವಿದಂತೆ ‘ಇದು ನಾನು’, ‘ಇಲ್ಲಿ ನಾನು’, ‘ಅಯ್ಯೋ, ಇಲ್ಲಿ ನನ್ನ ಕೈ ಮಾತ್ರ’ ಎಂಬ ಮಾತುಗಳು ಬಿಟ್ಟರೆ ಬೇರೆ ಮಾತಿರಲಿಲ್ಲ. ಚೌಡಪ್ಪ ತನ್ನ ಅರ್ಧ ಹೊಟ್ಟೆಯನ್ನು ಬೆರಳಿನಿಂದ ಸವರಿದ.

ಎರಡು ಪುಟದಗಲ ನಗು ಬಂತು. ದಾಕ್ಷಾಯಣಮ್ಮನ ಕೈ ನಿಂತಿತು. ಅವರು ಕನ್ನಡಕ ಮೂಗಿಗೆ ಏರಿಸಿಕೊಂಡರು. ಸುಪ್ರಿಯಾ ಬಾಗಿಲಿನ ಕಡೆ ನೋಡಿದಳು.

“ಪದ್ಮಮ್ಮೋರೇ, ಬನ್ನಿ ಇಲ್ಲಿ.”

ಪದ್ಮಮ್ಮ ಬಗ್ಗಿ ನೋಡಿದರು. ಮೊಬೈಲಿನ ಅಂಗೈಯಗಲದಲ್ಲಿ ಹುಡುಗಿಯ ಹಲ್ಲಷ್ಟೇ ಕಂಡಿತ್ತು. ಇಲ್ಲಿ ಅವಳ ಹಿಂದೆ ಅಕ್ಷತೆ ಹಿಡಿದು ನಿಂತವರೂ ಕಾಣುತ್ತಿದ್ದರು.

“ಇದು ನಾನಲ್ವಾ? ನನ್ನ ಸೀರೆ ಅಂಚು ಎಷ್ಟು ಚೆನ್ನಾಗಿ ಬಂದಿದೆ!” ಎಂದರು ದಾಕ್ಷಾಯಣಮ್ಮ.

“ಹೂಂ ಕಣ್ರೀ. ನನ್ನ ಓಲೆನೂ ನೋಡಿ, ಹೆಂಗೆ ಹೊಳೀತಿದೆ.”

“ಇದನ್ನ ದೊಡ್ಡದು ಮಾಡ್ಸಿ ಹಾಲ್‌ನಲ್ಲಿ ಹಾಕ್ಸಣ,” ಎಂದರು ದಾಕ್ಷಾಯಣಮ್ಮ. ಆಮೇಲೆ ಬೆರಳಿಟ್ಟು, “ಇಲ್ಲಿ ಸೊಸೆ ಸ್ವಲ್ಪ ಅಡ್ಡ ಬಂದಿದ್ದಾಳೆ. ಅವಳೊಬ್ಬಳನ್ನ ತೆಗೆಯೋಕಾಗುತ್ತಾ?”

“ಆಗುತ್ತಮ್ಮ, ಅದಕ್ಕೇನು…” ದೇವರಾಜ್ ಬಾಯಿ ಅಭ್ಯಾಸಬಲದಿಂದ ತೆರೆಯಿತು.

“ಆಗಲ್ಲ,” ಎಂದಳು ಸುಪ್ರಿಯಾ. “ನಿಮ್ಮ ಸೆರಗು ಅವರ ಭುಜದ ಮೇಲೇ ಬಿದ್ದಿದೆ ಅಮ್ಮ. ಅವರನ್ನ ತೆಗೆದ್ರೆ ಅಂಚೂ ಹೋಗುತ್ತೆ.”

ಶುದ್ಧ ಸುಳ್ಳು. ಒಂದು ಲೋಟ ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ. ದಾಕ್ಷಾಯಣಮ್ಮ ಅಂಚನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ ತೂಗಿದರು.

“ಹಾಗಾದ್ರೆ ಇರ್ಲಿ ಬಿಡು. ಪಾಪ, ಅವಳೂ ಇರ್ಲಿ.”

ಅಡುಗೆಮನೆಯ ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಸಂಧ್ಯಾ ನಗು ತಡೆಯಲಾರದೆ ಸರಕ್ಕನೆ ಒಳಗೆ ಹೋದಳು. ಲೋಟಗಳು ಗಲಗಲ ಅಂದವು.

ಗೇಟು ದಾಟಿದ ಮೇಲೆ ದೇವರಾಜ್ ಸ್ಕೂಟರಿನ ಕೀಲಿ ಹುಡುಕುತ್ತ, ಅವಳ ಮುಖ ನೋಡದೆ ಹೇಳಿದರು: “ಭಾನುವಾರ ಭದ್ರಾವತೀಲಿ ಮದುವೆ. ಕ್ಯಾಮೆರಾ ನೀನೇ ಹಿಡಿ. ಮಧ್ಯ ಯಾರಾದ್ರೂ ನಗ್ಲಿ, ಅಳ್ಲಿ, ತಲೆಕೆಡಿಸ್ಕೋಬೇಡ. ಬೀಗಿತ್ತೀರ ಸೀರೆ ಅಂಚು ಮಾತ್ರ ಬಿಡ್ಬೇಡ, ತಿಳೀತಾ?”