ಬಂದೂಕುಗಾರನ ಹೆಂಡತಿ

ಭಾನುವಾರ ಬೆಳಿಗ್ಗೆ ಕ್ಲೈವ್ ತನ್ನ ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಳ್ಳುತ್ತಿದ್ದ. ಮದುವೆಯಾದಾಗಿನಿಂದ ಇಸ್ತ್ರಿಪೆಟ್ಟಿಗೆ ಮುಟ್ಟದಿದ್ದ ಗಂಡ ಕಾಲರಿಗೆ ನೀರು ಚಿಮುಕಿಸಿ ಒತ್ತುವುದನ್ನು ಹೇಜಲ್ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ನಿವೃತ್ತನಾದ ಮೇಲೆ ಅವನು ವಾರದಲ್ಲಿ ಮೂರು ದಿನ ಹಳೇ ಯುದ್ಧವಿಮಾನಗಳ ಮ್ಯೂಸಿಯಮ್ಮಿಗೆ ಹೋಗುತ್ತಿದ್ದ. ಊರಾಚೆಯ ಹಳೇ ಸೇನಾ ವಿಮಾನನಿಲ್ದಾಣದಲ್ಲಿ ಅವನಂಥ ನಿವೃತ್ತರೇ ಸಂಬಳವಿಲ್ಲದೆ ನಡೆಸುವ ಮ್ಯೂಸಿಯಂ ಅದು. ಮನೆಯಲ್ಲಿ ಮಾತ್ರ ಅವನು ಪತ್ರಿಕೆಯ ಹಿಂದಿನಿಂದ ‘ಹೂಂ’ ಅನ್ನುವುದಕ್ಕಿಂತ ಹೆಚ್ಚು ಮಾತಾಡಿದವನಲ್ಲ.

“ಇವತ್ತು ಜನ ಜಾಸ್ತಿ ಬರ್ತಾರಂತೆ. ರೊಸಲಿಂಡ್ ಹೇಳಿದ್ಳು,” ಎಂದ.

“ಇನ್ನೇನು ಹೇಳಿದ್ಳು ರೊಸಲಿಂಡ್?”

“ಮಳೆ ಬರಲ್ಲ ಅಂದ್ಳು.”

“ಓಹೋ, ಮಳೆನೂ ಅವಳನ್ನ ಕೇಳ್ಕೊಂಡೇ ಬರುತ್ತೆ ಅನ್ನು. ಭಾರೀ ಹೆಂಗಸು!”

ಅವನಿಗೆ ಚುಚ್ಚಿದ್ದು ತಾಗಲೇ ಇಲ್ಲ. ಟೋಪಿ ಹಾಕಿಕೊಂಡು, ಏನೋ ಹಾಡು ಗುನುಗುತ್ತಾ ಹೊರಟೇಬಿಟ್ಟ. ಆ ಗುನುಗು ಹೇಜಲಳ ಎದೆಯಲ್ಲಿ ಮುಳ್ಳಿನಂತೆ ಕೂತಿತು. ವಿಮಾನವೇ ತನಗೆ ಸವತಿ ಎಂದು ಅವಳು ಇಷ್ಟು ದಿನ ನೆರೆಯವರ ಮುಂದೆ ನಗೆಯಾಡುತ್ತಿದ್ದಳು. ಈಗ ಆ ಸವತಿಗೊಂದು ಹೆಸರು ಸಿಕ್ಕಿತ್ತು. ಇವತ್ತು ಕಣ್ಣಾರೆ ನೋಡಿಯೇ ಬಿಡುವುದು, ತನ್ನ ಅನುಮಾನ ನಿಜವಾಗಿದ್ದರೆ ನಾಳೆಯೇ ತಂಗಿಯ ಮನೆಗೆ ಹೊರಟುಹೋಗುವುದು ಎಂದು ನಿರ್ಧರಿಸಿ ಕೋಟು ತೊಟ್ಟು ಬಸ್ಸು ಹತ್ತಿದಳು.

ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತ್ಯದ ಬೀಟ್‌ರೂಟ್ ಹೊಲಗಳ ನಡುವೆ, ಒಂದು ಕಾಲಕ್ಕೆ ವಿಮಾನಗಳು ಹಾರುತ್ತಿದ್ದ ಓಡುದಾರಿಯ ಬಿರುಕುಗಳ ತುಂಬ ಹುಲ್ಲು ಬೆಳೆದಿತ್ತು. ಟಿಕೆಟ್ ಮೇಜಿನ ಹಿಂದೆ ತುಟಿಗೆ ಕೆಂಪು ಬಳಿದುಕೊಂಡ, ಉಗುರಿನಲ್ಲಿ ಎಂಜಿನ್ ಎಣ್ಣೆ ಮೆತ್ತಿಕೊಂಡ ಹೆಂಗಸೊಬ್ಬಳು ಕೂತಿದ್ದಳು. ಎದೆಯ ಮೇಲಿನ ಪಟ್ಟಿಯಲ್ಲಿ ರೊಸಲಿಂಡ್ ಎಂದಿತ್ತು. ತನಗಿಂತ ಒಂದೆರಡು ವರ್ಷ ದೊಡ್ಡವಳೇ ಇರಬೇಕು ಎಂದು ಹೇಜಲ್‌ಗೆ ಸ್ವಲ್ಪ ಸಮಾಧಾನವಾಯಿತು. ಆದರೆ ಅವಳು ನಕ್ಕಾಗ ಆ ಸಮಾಧಾನವೂ ಹೋಯಿತು. ಅಷ್ಟು ಚೆನ್ನಾಗಿತ್ತು ನಗು.

“ಕ್ಲೈವ್ ಹೇಳೋದನ್ನ ಮಾತ್ರ ತಪ್ಪಿಸ್ಕೋಬೇಡಿ,” ಎಂದಳು ರೊಸಲಿಂಡ್, ಇವಳು ಯಾರೆಂದು ತಿಳಿಯದೆ. “ಎರಡನೇ ಮಹಾಯುದ್ಧದಲ್ಲಿ ಇಲ್ಲಿಂದ ಹಾರಿ ಸತ್ತವರ ಹೆಸರು ಗೋಡೆ ಮೇಲಿದೆ. ನಾವು ಒಬ್ಬೊಬ್ಬರು ಒಂದೊಂದು ಹೆಸರು ತಗೊಂಡು ಅವರ ಕಥೆ ಹೇಳ್ತೀವಿ. ಕ್ಲೈವ್ ಹೇಳೋದ್ರಲ್ಲಿ ಅರ್ಧ ದಾಖಲೇಲಿಲ್ಲ, ನಾನು ದಿನಾ ಜಗಳ ಆಡ್ತೀನಿ. ಆದ್ರೂ ಕೇಳ್ದಾಗೆಲ್ಲ ಅಳು ಬರುತ್ತೆ ಕಣ್ರೀ.”

‘ದಿನಾ ಜಗಳವಂತೆ! ನನ್ನ ಜೊತೆ ಜಗಳಕ್ಕೂ ಬಾಯಿ ತೆಗೆಯದ ಮನುಷ್ಯ,’ ಎಂದುಕೊಂಡು ಹೇಜಲ್ ಹಲ್ಲು ಕಚ್ಚಿದಳು.

ಒಳಗೆ ದೊಡ್ಡ ಬಾಂಬರ್ ವಿಮಾನದ ಬಾಲದ ಬಳಿ ಹತ್ತಿಪ್ಪತ್ತು ಜನ ಸೇರಿದ್ದರು. ಹೇಜಲ್ ಎತ್ತರದವನೊಬ್ಬನ ಬೆನ್ನ ಹಿಂದೆ ಮರೆಯಾಗಿ ನಿಂತಳು. ಕ್ಲೈವ್ ಬಾಲದ ತುದಿಯ ಗಾಜಿನ ಗೂಡನ್ನು ತೋರಿಸಿ ಕೈ ಕುಣಿಸುತ್ತಾ ಮಾತಾಡುತ್ತಿದ್ದ. ಜನ ನಗುತ್ತಿದ್ದರು! ಪರರಿಗೆ ಇಷ್ಟು ಮಾತು ಹಂಚುವವನಿಗೆ ಮನೆಯಲ್ಲಿ ನಾಲ್ಕು ಮಾತಿಗೆ ಬಡತನವೇ? ಹೇಜಲ್‌ಗೆ ಆಗ ರೊಸಲಿಂಡಳ ಮೇಲಲ್ಲ, ಅಲ್ಲಿದ್ದ ಒಬ್ಬೊಬ್ಬರ ಮೇಲೂ ಹೊಟ್ಟೆಕಿಚ್ಚಾಯಿತು.

“ಈ ಗೂಡಲ್ಲಿ ಕೂರ್ತಿದ್ದವನು ಬಂದೂಕುಗಾರ ಆರ್ಥರ್ ಪ್ಲಮ್‌ಟ್ರೀ,” ಎಂದ ಕ್ಲೈವ್. “ಚಳಿಗೆ ಕಣ್ಣೆವೆ ಹೆಪ್ಪುಗಟ್ಟೋದು. ಆಗೆಲ್ಲ ಹೆಂಡತಿ ಎಡಿತ್‌ನ ನೆನೆಸ್ಕೋತಿದ್ದ. ಅವಳು ಸಿಟ್ಟು ಬಂದ್ರೆ ಬಾಯಲ್ಲಿ ಬೈತಿರಲಿಲ್ಲ, ಆಲೂಗಡ್ಡೆ ಸಿಪ್ಪೇನ ದಪ್ಪಗೆ ಹೆರೀತಿದ್ಳು. ಬುಟ್ಟೀಲಿರೋ ಸಿಪ್ಪೆ ನೋಡಿ ಅವನು ಮನೆ ಹವಾಮಾನ ತಿಳ್ಕೋತಿದ್ದ.”

ಜನ ಮತ್ತೆ ನಕ್ಕರು. ಹೇಜಲ್ ನಗಲಿಲ್ಲ. ಎಂಬತ್ತು ವರ್ಷದ ಹಿಂದಿನ ಯಾವಳೋ ಎಡಿತಳ ಸಿಪ್ಪೆಯೂ ಇವನಿಗೆ ಮುದ್ದು. ನಾನೂ ಹಾಗೇ ಹೆರೆಯುತ್ತೇನೆ, ಯಾರು ನೋಡಿದರು? ಸತ್ತವಳ ಮೇಲೂ ಅಸೂಯೆಪಡುವಷ್ಟು ಕೆಳಗಿಳಿದೆನಲ್ಲ ಎಂದು ತನ್ನ ಮೇಲೆಯೇ ಅವಳಿಗೆ ರೇಗಿತು.

ಕ್ಲೈವನ ದನಿ ಇಳಿಯಿತು. “ಒಂದು ಮಗು ಆಯ್ತು. ಉಳೀಲಿಲ್ಲ. ಎಡಿತ್ ಅಳಲಿಲ್ಲ. ಬಣ್ಣ ತಂದು ಮನೆಯ ಬಾಗಿಲಿಗೆಲ್ಲ ಹಳದಿ ಬಳಿದ್ಳು. ಏಣಿ ಹತ್ತಿ, ಬೆಳಗಿಂದ ಸಂಜೆತನಕ. ಅವನಿಗೆ ಏನು ಹೇಳ್ಬೇಕೋ ತಿಳೀಲಿಲ್ಲ. ಕೆಳಗೆ ನಿಂತು ಏಣಿ ಹಿಡ್ಕೊಂಡ, ಅಷ್ಟೇ. ಅವಳಂಥ ಗಟ್ಟಿಗಿತ್ತೀನ ಅವನು ಜೀವಮಾನದಲ್ಲೇ ಕಂಡಿರಲಿಲ್ಲ.”

ಆ ಬಾಗಿಲುಗಳು ಹೇಜಲಳ ಮನೆಯವು. ಆ ಮಗು ಅವಳದು. ಇಷ್ಟು ವರ್ಷ ಆ ಮಗುವಿನ ಮಾತೆತ್ತದ ಗಂಡ, ಕೊರಗಿಲ್ಲದ ಕಲ್ಲು ಎಂದು ತಾನು ಒಳಗೊಳಗೇ ಶಪಿಸಿದ ಗಂಡ, ಟಿಕೆಟ್ ಕೊಂಡವರ ಮುಂದೆ ಅದನ್ನೇ ಹೇಳುತ್ತಿದ್ದ. ಕೋಪ ಬಂದಿತು, ಅದರ ಬೆನ್ನಿಗೇ ಕಣ್ಣು ತುಂಬಿತು.

ಮುಂದಿದ್ದ ಮುದುಕರೊಬ್ಬರು ಕೈ ಎತ್ತಿದರು. “ಅಲ್ಲಪ್ಪಾ, ಯುದ್ಧದ ಕಾಲದಲ್ಲಿ ಅಷ್ಟೊಂದು ಬಣ್ಣ ಆಯಮ್ಮನಿಗೆ ಎಲ್ಲಿ ಸಿಕ್ಕಿತು?”

ಕ್ಲೈವ್ ತಡವರಿಸಿದ. “ಅದು... ಎಲ್ಲೋ ಸಿಕ್ಕಿರ್ಬೇಕು.”

“ಸೇತುವೆ ಪಕ್ಕದ ಅಂಗಡೀಲಿ,” ಎಂದಿತು ಹಿಂದಿನಿಂದ ಒಂದು ದನಿ. “ಯಾರಿಗೂ ಬೇಡದ ಬಣ್ಣ ಅಂತ ಅಗ್ಗಕ್ಕೆ ಕೊಟ್ರು.”

ಜನ ತಿರುಗಿ ನೋಡಿದರು. ಎತ್ತರದವನ ಹಿಂದೆ ನಿಂತಿದ್ದ ಹೆಂಡತಿ ಕ್ಲೈವನಿಗೂ ಕಂಡಳು.

“ಒಂದು ಮಾತು ಕೇಳ್ತೀನಿ,” ಎಂದಳು ಹೇಜಲ್, ಪರಸ್ಥಳದವಳಂತೆ. “ಗಂಡ ಇಷ್ಟೆಲ್ಲ ಗಮನಿಸಿದ್ದ ಅಂತ ಆ ಎಡಿತ್‌ಗೆ ಗೊತ್ತಿತ್ತೇನ್ರೀ?”

“ಇಲ್ಲ. ಅವನು ಹೇಳಿರಲಿಲ್ಲ.”

“ಯಾಕೆ?”

“ಬಾಯಿ ಬರಲಿಲ್ಲ. ಅವಳಿಗೆ ಗೊತ್ತೇ ಇರುತ್ತೆ ಅಂದ್ಕೊಂಡ.”

“ಗೊತ್ತಿರಲಿಲ್ಲ.”

ಕ್ಲೈವ್ ಟೋಪಿ ತೆಗೆದ. “ದಯವಿಟ್ಟು ಎಲ್ಲರೂ ಕ್ಷಮಿಸ್ಬೇಕು. ಎಡಿತ್ ಬಗ್ಗೆ ನಮಗೆ ಹೆಸರು ಬಿಟ್ರೆ ಏನೂ ಗೊತ್ತಿಲ್ಲ. ಆರ್ಥರ್‌ಗೆ ಇಂಥ ಒಬ್ಬಳು ಇದ್ದಿರಲಿ ಅಂತ ನಾನೇ ಸೇರಿಸ್ದೆ. ಹೇಳಿದ್ದೆಲ್ಲ ಅಲ್ಲಿ ನಿಂತಿದ್ದಾಳಲ್ಲ, ನನ್ನ ಹೇಜಲ್, ಅವಳ ವಿಷಯ.”

ಟಿಕೆಟ್ ಮೇಜಿನಿಂದ ಎದ್ದು ಬಂದಿದ್ದ ರೊಸಲಿಂಡ್ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳ ಮುಖ ನೋಡಿ ತನ್ನ ಅನುಮಾನಕ್ಕೆ ಹೇಜಲ್‌ಗೆ ನಾಚಿಕೆಯಾಯಿತು.

“ಸಿಪ್ಪೆ ವಿಷಯ ಬೇಕಾದ್ರೆ ಎಡಿತ್‌ಗೆ ಕೊಡು, ಕ್ಲೈವ್,” ಎಂದಳು ಹೇಜಲ್. “ಮಗು ವಿಷಯ ಇಲ್ಲಿ ಬೇಡ. ಅದನ್ನ ನನ್ನ ಹತ್ರ ಮಾತಾಡು.”

ಉಳಿದದ್ದನ್ನು ಜನರಿಗೆ ರೊಸಲಿಂಡ್ ತೋರಿಸಿದಳು, ದಾಖಲೆಯಲ್ಲಿದ್ದಷ್ಟನ್ನೇ. ಗಂಡಹೆಂಡಿರು ಹೊರಗೆ ಓಡುದಾರಿಯಂಚಿನ ಬೆಂಚಿನಲ್ಲಿ ಕೂತರು.

“ನಮ್ಮ ಮಗಳಿಗೆ ರೂತ್ ಅಂತ ಹೆಸರಿಟ್ಟಿದ್ದೆ,” ಎಂದ ಕ್ಲೈವ್. “ಮನಸ್ಸಲ್ಲೇ.”

ಹೇಜಲ್ ಮೂಗು ಒರೆಸಿಕೊಂಡಳು. “ರೂತಾ? ನಾನು ಲಿನೆಟ್ ಅಂತ ಇಟ್ಟಿದ್ದೆ.”

“ಲಿನೆಟ್ಟಾ! ಅದೇನು ಹೆಸರು ಮಾರಾಯ್ತಿ?”

“ಯಾಕೆ, ಅದಕ್ಕೇನಾಗಿದೆ?”

ಅವರ ಜಗಳ ಮುಗಿಯುವ ಮೊದಲೇ ಬಸ್ಸು ಹೊರಟುಹೋಯಿತು.